ಬೇರೆ ಸಭೆಯ ಬಾಗಿಲಲ್ಲಿ ನಿಂತವರಿಗೆ ನಾವು ಕೊಡಬೇಕಾದ ಉತ್ತರ

(ಬಾಗೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಧರ್ಮ ಸಾಮರಸ್ಯದ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಆ ದೊಡ್ಡ ಮಾತನ್ನು ಬಿಟ್ಟು ನಾನು ಒಂದು ಸಣ್ಣ ಪ್ರಶ್ನೆಯನ್ನು ಹಿಡಿದುಕೊಂಡು ಬಂದಿದ್ದೇನೆ. ಒಂದು ಕ್ರೈಸ್ತ ಸಭೆಯಲ್ಲಿ ಹುಟ್ಟಿ ಬೆಳೆದ ಹುಡುಗನೋ ಹುಡುಗಿಯೋ ಇನ್ನೊಂದು ಕ್ರೈಸ್ತ ಸಭೆಯ ಕಡೆ ಮನಸ್ಸು ಹರಿಸಿ, "ನಾನು ಅಲ್ಲಿಗೆ ಸೇರಬಹುದಾ?" ಎಂದು ಕೇಳಿದರೆ, ಮನೆಯವರು, ಸಭೆಯ ಹಿರಿಯರು, ಅಯ್ಯನವರು, ಫಾದರ್ ಏನು ಉತ್ತರ ಕೊಡಬೇಕು? ಪ್ರಾಟೆಸ್ಟಂಟ್ ಮನೆಯ ಮಗಳು ಕಥೋಲಿಕ ಬಲಿಪೂಜೆಗೆ ಹೋಗಲು ಶುರು ಮಾಡುತ್ತಾಳೆ. ಕಥೋಲಿಕ ಮನೆಯ ಮಗ ಪೆಂತೆಕೋಸ್ತು ಕೂಟಕ್ಕೆ ಹೋಗಿ ಬರುತ್ತಾನೆ. ಆ ಮನೆಯಲ್ಲಿ ಮೊದಲು ಏಳುವುದು ಜಗಳ. ಉತ್ತರ ಆಮೇಲೆ, ಅದೂ ಬಂದರೆ.

ಇಲ್ಲಿ ಕೂತಿರುವ ಬಹುಪಾಲು ಜನ ಕ್ರೈಸ್ತರಲ್ಲ. ನಮಗೇಕೆ ಇದು ಎಂದು ಕೇಳಬಹುದು. ಸ್ಮಾರ್ತರ ಮನೆಯ ಹೆಣ್ಣು ಶ್ರೀವೈಷ್ಣವರ ಮನೆ ಸೇರಿದಾಗ, ಒಂದು ಮಠದ ಒಕ್ಕಲು ಇನ್ನೊಂದು ಮಠಕ್ಕೆ ನಡೆದುಕೊಂಡಾಗ ಆಗುವ ಮನಸ್ತಾಪವನ್ನು ನೀವು ಕಂಡಿಲ್ಲವೇ? ದೂರದವರ ಜೊತೆ ನಾವು ಸಭ್ಯವಾಗಿಯೇ ಇರುತ್ತೇವೆ. ಹತ್ತಿರದವರು ಒಂದು ಹೆಜ್ಜೆ ಆಚೆ ಇಟ್ಟರೆ ಮಾತ್ರ ಮೈ ಉರಿಯುತ್ತದೆ. ಆದ್ದರಿಂದ ಇದು ಎಲ್ಲರ ಮನೆಯ ವಿಷಯ.

ಇನ್ನೊಂದು ಕಾರಣವೂ ಇದೆ. ಇಂಥ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರಗಳಲ್ಲೊಂದು ನಿಮ್ಮ ತಾಲ್ಲೂಕಿನಲ್ಲೇ ಕಲ್ಲಿನ ಮೇಲಿದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನದ ಬಗ್ಗೆ ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತು. ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ, ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು ಅರಸನಿಗೆ ದೂರು ಕೊಟ್ಟರು. ಅರಸ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರ ಎದುರಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳ ನಡುವೆ ಭೇದವಿಲ್ಲ ಎಂದ. ಸಾಮಾನ್ಯವಾಗಿ ನಾವು ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತೇವೆ. ಮುಂದಿನ ಭಾಗವನ್ನು ಓದಬೇಕು. ಜೈನ ದರ್ಶನಕ್ಕೆ ಭಕ್ತರ ದೆಸೆಯಿಂದ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ವೈಷ್ಣವರು ತಮ್ಮ ದರ್ಶನದ ಹಾನಿ ವೃದ್ಧಿ ಎಂದೇ ತಿಳಿಯಬೇಕು ಎಂಬುದು ಅಲ್ಲಿನ ಕಟ್ಟಳೆ. ಅಷ್ಟೇ ಅಲ್ಲ, ಜೈನರು ಮನೆಗೊಂದು ಹಣದಂತೆ ವರ್ಷಕ್ಕೆ ಕೂಡಿಸಬೇಕು. ಆ ಹಣದಲ್ಲಿ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರಿಗೆ ಇಪ್ಪತ್ತು ಜನ ಅಂಗರಕ್ಷಕರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಎದುರು ಪಕ್ಷದವನ ಗುಡಿಗೆ ಸುಣ್ಣ ಹೊಡೆಸುವ ಜವಾಬ್ದಾರಿ ವೈಷ್ಣವ ಹಿರಿಯರ ಮೇಲೆ! ಈ ಏರ್ಪಾಡಿನಲ್ಲಿ ಉಪದೇಶ ಕಡಿಮೆ, ಕೆಲಸ ಹೆಚ್ಚು. ಸಭೆ ಬದಲಾಯಿಸಲು ಹೊರಟವರ ವಿಷಯದಲ್ಲಿ ನಮಗೆ ಬೇಕಾದದ್ದೂ ಇಂಥದ್ದೇ ಬುದ್ಧಿ.

ಇಂಥ ಬುದ್ಧಿಗೆ ವಿರುದ್ಧವಾದದ್ದು ನಡೆದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಉಡುಪಿ ಜಿಲ್ಲೆಯ ಬ್ರಹ್ಮಾವರಕ್ಕೆ ಹೋದವರು ಅಲ್ಲಿ ಸಂತ ಮೇರಿ ಹೆಸರಿನ ಸಿರಿಯನ್ ಆರ್ಥೊಡಾಕ್ಸ್ ಕಥೀಡ್ರಲ್ ನೋಡಿರಬಹುದು. ಕೇರಳದ ಮಲಂಕರ ಸಭೆಯ ದೇವಾಲಯ ಕೊಂಕಣಿ ಮಾತಾಡುವ ಬ್ರಹ್ಮಾವರದ ಕುಟುಂಬಗಳ ನಡುವೆ ಏಕಿದೆ ಎಂದು ಆಶ್ಚರ್ಯವಾಗುತ್ತದೆ. ಆ ಕುಟುಂಬಗಳು ಮೂಲದಲ್ಲಿ ರೋಮನ್ ಕಥೋಲಿಕರು. ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅವರು ಒಂದು ಕ್ರೈಸ್ತ ಸಭೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದವರು.

ಏಕೆ ಹೋದರು? ಪೋರ್ಚುಗಲ್ಲಿನ ದೊರೆಗೆ ಪೂರ್ವ ದೇಶಗಳ ಕ್ರೈಸ್ತ ಸಭೆಗಳನ್ನು ಪೋಷಿಸುವ ಹಕ್ಕನ್ನು ಪೋಪರು ಹಿಂದೆಯೇ ಕೊಟ್ಟಿದ್ದರು. ಅದಕ್ಕೆ ಪದ್ರೊವಾದೊ ಎಂದು ಹೆಸರು. 1622ರಲ್ಲಿ ರೋಮಿನಲ್ಲಿ ಪ್ರೊಪಗಾಂಡ ಎಂಬ ಧರ್ಮಪ್ರಸಾರದ ಇಲಾಖೆ ಹುಟ್ಟಿತು. ಕನ್ನಡ ಜಿಲ್ಲೆಯ ಕಥೋಲಿಕರ ಮೇಲೆ ಗೋವೆಯ ಅಧಿಕಾರವೋ ರೋಮಿನ ಇಲಾಖೆಯ ಅಧಿಕಾರವೋ ಎಂಬ ತಿಕ್ಕಾಟ ತಲೆಮಾರುಗಟ್ಟಲೆ ನಡೆಯಿತು. 1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ, ಈ ಭಾಗ ಗೋವೆಯ ಕೈ ತಪ್ಪಿ ಮಂಗಳೂರಿನ ಕಡೆಗೆ ಸೇರಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಒಕ್ಕಲುಗಳಲ್ಲಿ ಕೆಲವರಿಗೆ ಇದು ಸಹಿಸದಾಯಿತು. ತಾತ ಮುತ್ತಾತಂದಿರ ಕಾಲದಿಂದ ಗೋವೆಯನ್ನೇ ತಾಯಿಮನೆ ಎಂದು ನಂಬಿದವರನ್ನು, ಅವರನ್ನು ಒಂದು ಮಾತೂ ಕೇಳದೆ, ದೂರದಲ್ಲಿ ಕೂತು ಬೇರೆಯವರ ಪಾಲಿಗೆ ಹಂಚಿದ್ದರು. ಕ್ರಿಸ್ತನ ಬಗ್ಗೆ, ಪಾಪದ ಬಗ್ಗೆ, ರಕ್ಷಣೆಯ ಬಗ್ಗೆ ಅಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ನಮ್ಮ ಮಾತನ್ನು ಯಾರೂ ಕೇಳಲಿಲ್ಲ ಎಂಬುದೊಂದೇ ಅವರ ನೋವು.

ಅದೇ ಹೊತ್ತಿಗೆ ಗೋವೆಯಲ್ಲಿ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್ ಎಂಬ ಪಾದ್ರಿ ಇದ್ದರು. 1836ರಲ್ಲಿ ಗೋವೆಯ ವೆರ್ಣಾದಲ್ಲಿ ಹುಟ್ಟಿದವರು. ಪತ್ರಿಕೆ ನಡೆಸಿ ಸರ್ಕಾರವನ್ನೂ ಸಭೆಯ ಅಧಿಕಾರಿಗಳನ್ನೂ ಎದುರು ಹಾಕಿಕೊಂಡರು; ಸಭೆಯಿಂದ ಬಹಿಷ್ಕೃತರಾದರು. 1889ರ ಜುಲೈ 29ರಂದು ಕೊಟ್ಟಾಯಂನಲ್ಲಿ ಮಲಂಕರ ಸಭೆಯ ಬಿಷಪರು ಅವರಿಗೆ ಆಲ್ವಾರಿಸ್ ಮಾರ್ ಜೂಲಿಯಸ್ ಎಂಬ ಹೆಸರಿಟ್ಟು ಬಿಷಪ್ ಪದವಿ ಕೊಟ್ಟರು. ಕಲ್ಯಾಣಪುರ, ಬ್ರಹ್ಮಾವರ ಸುತ್ತಿನ ಅತೃಪ್ತ ಕುಟುಂಬಗಳು ಅವರ ಹಿಂದೆ ನಡೆದವು. ಪಾದ್ರಿ ರೋಕ್ ಝೆಫಿರಿನ್ ನೊರೊನ್ಹಾ ಬ್ರಹ್ಮಾವರದಲ್ಲಿ ನಿಂತು ಆ ಸಭೆಯನ್ನು ಕಟ್ಟಿದರು. ಇಲ್ಲಿ ಮಲಂಕರದವರು ಮಾಡಿದ ಒಂದು ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ. ಬಂದವರು ಲತೀನ್ ರೀತಿಯ ಪೂಜೆಗೆ ಒಗ್ಗಿದವರು. ಸಿರಿಯನ್ ಪದ್ಧತಿಯನ್ನು ಒಮ್ಮೆಗೇ ಅವರ ತಲೆ ಮೇಲೆ ಹೇರದೆ, ತಮ್ಮ ಹಳೆಯ ಪೂಜಾಕ್ರಮವನ್ನೇ ನಡೆಸಿಕೊಂಡು ಹೋಗಲು ಬಿಟ್ಟರು. ಹೊಸ ಮನೆಗೆ ಬಂದವರ ಹಳೆಯ ಪ್ರಾರ್ಥನೆಯನ್ನು ಕಿತ್ತುಕೊಳ್ಳಲಿಲ್ಲ.

ಹಳೆಯ ಮನೆಯ ಕಡೆಯಿಂದ ಬಂದ ಉತ್ತರ ಕಠಿಣವಾಗಿತ್ತು. ಬಹಿಷ್ಕಾರ ಬಂತು, ಕುಟುಂಬಗಳು ಒಡೆದವು, ಅಣ್ಣತಮ್ಮಂದಿರು ಮದುವೆ, ಮಣ್ಣುಗಳಲ್ಲಿ ಬೇರೆ ಬೇರೆಯಾದರು. ಗೋವೆಯಲ್ಲಿ ಪೊಲೀಸರು ಆಲ್ವಾರಿಸರನ್ನು ಬಂಧಿಸಿ ಬಿಷಪರ ಉಡುಪನ್ನು ಕಳಚಿಸಿದರು. ಅವರು ಮಾತ್ರ ಕಾಲರಾ ಬಂದಾಗ ರೋಗಿಗಳ ನಡುವೆ ಕೆಲಸ ಮಾಡಿದರು, ಕಾಲರಾ ಚಿಕಿತ್ಸೆಯ ಬಗ್ಗೆ ಕಿರುಹೊತ್ತಿಗೆ ಬರೆದರು, ಬಡವರ ಹಸಿವಿಗೆ ಮರಗೆಣಸು ಬೆಳೆಯಿರಿ ಎಂದು ಪ್ರಚಾರ ಮಾಡಿದರು. 1923ರ ಸೆಪ್ಟೆಂಬರ್ 23ರಂದು ರಿಬಂದರಿನಲ್ಲಿ ತೀರಿಕೊಂಡಾಗ ಅವರಿಗೆ ಪಣಜಿಯ ಪೌರಸಭೆಯ ಸ್ಮಶಾನದಲ್ಲಿ ಜಾಗವಾಯಿತು. ಎಷ್ಟೋ ವರ್ಷಗಳ ಮೇಲೆ ಅವರ ಅಸ್ಥಿಯನ್ನು ರಿಬಂದರಿನ ಆರ್ಥೊಡಾಕ್ಸ್ ದೇವಾಲಯಕ್ಕೆ ತಂದರು. ಬ್ರಹ್ಮಾವರ 2010ರಲ್ಲಿ ಆ ಸಭೆಯ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು.

ಈ ಇತಿಹಾಸದಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡಲು ನಾನು ನಿಂತಿಲ್ಲ. ರೋಮಿಗೂ ತನ್ನ ಕಾರಣಗಳಿದ್ದವು. ಒಂದೇ ಊರಿನಲ್ಲಿ ಎರಡು ಅಧಿಕಾರ ಇಟ್ಟುಕೊಂಡು ಸಭೆ ನಡೆಸುವುದು ಸುಲಭವಲ್ಲ. ನಾನು ಹೇಳುವುದು ಇಷ್ಟು: ಮನಸ್ಸು ತೊಳಲಾಡುತ್ತಿರುವವನಿಗೆ ಆಜ್ಞೆಯ ಕಾಗದವನ್ನು ತೋರಿಸಿದರೆ ಅವನು ಉಳಿಯುವುದಿಲ್ಲ. ಹೋಗುವಾಗ ಕಹಿಯನ್ನು ಕಟ್ಟಿಕೊಂಡು ಹೋಗುತ್ತಾನೆ, ಆ ಕಹಿಯನ್ನು ಮೊಮ್ಮಕ್ಕಳ ತನಕ ಉಣಿಸುತ್ತಾನೆ.

ಇನ್ನು ನನ್ನ ಸಭೆಯ ಕಡೆ ಬರುತ್ತೇನೆ. ನಮ್ಮದು ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನ ಕಾಲದಿಂದ ಬಂದ ಮನೆತನ. ರೆಡ್‌ಫರ್ನ್ ಆಸ್ಪತ್ರೆ ಕಟ್ಟಿದ ಮಿಷನ್ ಎಂದರೆ ಈ ಭಾಗದ ಎಲ್ಲರಿಗೂ ಗೊತ್ತಾಗುತ್ತದೆ. ಆ ಸಭೆ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳ ಜೊತೆ ಸೇರಿ ದಕ್ಷಿಣ ಭಾರತ ಸಭೆಯಾಯಿತು. ಮದರಾಸಿನ ಸಂತ ಜಾರ್ಜ್ ಕಥೀಡ್ರಲ್‌ನಲ್ಲಿ ಆ ಕೂಡಿಕೆ ನಡೆಯಿತು. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿಯಲು 28 ವರ್ಷ ಹಿಡಿಯಿತು. ಯಾರಿಗೂ ಮತ್ತೆ ದೀಕ್ಷಾಸ್ನಾನ ಕೊಡಲಿಲ್ಲ, ಯಾವ ಅಯ್ಯನವರಿಗೂ ಮತ್ತೆ ಅಭಿಷೇಕ ಮಾಡಲಿಲ್ಲ. ಮನಸ್ಸಾಕ್ಷಿಗೆ ಒಪ್ಪದ ಆರಾಧನಾ ಕ್ರಮವನ್ನೋ ಸೇವಕರನ್ನೋ ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂದು ಒಬ್ಬರಿಗೊಬ್ಬರು ಮಾತು ಕೊಟ್ಟರು. ಅಂಥ ಹುಟ್ಟಿನ ಸಭೆಯವರಾದ ನಾವು ಒಬ್ಬ ಹುಡುಗಿ ಕಥೋಲಿಕ ದೇವಾಲಯದ ಬೆಂಚಿನಲ್ಲಿ ಕೂತಳೆಂದು ರೇಗುವುದು ನಮ್ಮ ಹುಟ್ಟಿಗೇ ಒಪ್ಪುವುದಿಲ್ಲ.

ನಮ್ಮ ಹಳೆಯ ವೆಸ್ಲಿಯನ್ ಸಭೆಗೆ ಹೆಸರು ಕೊಟ್ಟ ವೆಸ್ಲಿಯವರ ಮನೆಯಲ್ಲೇ ಈ ಪ್ರಶ್ನೆ ಎದ್ದಿತ್ತು ಎಂಬುದನ್ನು ನಮ್ಮ ಸಭೆಯವರಲ್ಲೇ ಹಲವರು ಅರಿಯರು. ಜಾನ್ ವೆಸ್ಲಿ ಕಥೋಲಿಕರ ಪರವಾಗಿದ್ದವರಲ್ಲ. 1780ರಲ್ಲಿ ಕಥೋಲಿಕರಿಗೆ ರಾಜಕೀಯ ರಿಯಾಯಿತಿ ಕೊಡಬಾರದೆಂದು ಬಿರುಸಾಗಿ ಬರೆದಿದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1749ರಲ್ಲಿ, ಐರ್ಲೆಂಡಿನಲ್ಲಿ ಮೆಥಡಿಸ್ಟರ, ಅಂದರೆ ಅವರ ಅನುಯಾಯಿಗಳ, ಮೇಲೆ ದೊಂಬಿಗಳಾಗುತ್ತಿದ್ದ ಕಾಲದಲ್ಲಿ, ಒಬ್ಬ ಕಥೋಲಿಕನಿಗೆ ಬರೆದಂತೆ ಒಂದು ಬಹಿರಂಗ ಪತ್ರವನ್ನು ಅವರು ಡಬ್ಲಿನ್‌ನಿಂದ ಬರೆದರು. ಒಬ್ಬರನ್ನೊಬ್ಬರು ನೋಯಿಸುವುದು ಬೇಡ, ಕೆಟ್ಟ ಮಾತು ಬೇಡ, ಮನಸ್ಸಿನಲ್ಲಿ ಕೂಡ ಕಹಿ ಇಟ್ಟುಕೊಳ್ಳುವುದು ಬೇಡ, ದೇವರ ಕಡೆಗಿನ ದಾರಿಯಲ್ಲಿ ಒಬ್ಬರಿಗೊಬ್ಬರು ನೆರವಾಗೋಣ ಎಂಬುದು ಅದರ ಸಾರ.

1784ರಲ್ಲಿ ಪರೀಕ್ಷೆ ಮನೆಯೊಳಕ್ಕೇ ಬಂತು. ಜಾನ್ ಅವರ ತಮ್ಮ ಚಾರ್ಲ್ಸ್ ವೆಸ್ಲಿ, ಅಂದರೆ ನಮ್ಮ ಸಂಗೀತ ಪುಸ್ತಕದ ಎಷ್ಟೋ ಗೀತೆಗಳ ಮೂಲ ಕರ್ತೃ, ಅವರ ಮಗ ಸಾಮ್ಯುಯೆಲ್ ಕಥೋಲಿಕನಾದ ಎಂಬ ಸುದ್ದಿ ಹೊರಬಿತ್ತು. ಹುಡುಗನಿಗೆ ಹದಿನೆಂಟು ವರ್ಷ. ದೊಡ್ಡ ಸಂಗೀತಗಾರ, ಒಂದು ಬಲಿಪೂಜೆಗೆ ಸಂಗೀತ ರಚಿಸಿ ಪೋಪರಿಗೆ ಅರ್ಪಿಸಿದವನು. ಅಪ್ಪ ದುಃಖದಲ್ಲಿ ಮುಳುಗಿದರು. ಎಂಬತ್ತೊಂದು ವರ್ಷದ ದೊಡ್ಡಪ್ಪ ಆಗಸ್ಟ್ 19ರಂದು ಹುಡುಗನಿಗೆ ಪತ್ರ ಬರೆದರು. ನೀನು ಈ ಸಭೆಯವನೋ ಆ ಸಭೆಯವನೋ ಎಂಬುದು ನನಗೆ ಮುಖ್ಯವಲ್ಲ, ಎರಡರಲ್ಲಿಯೂ ಉದ್ಧಾರವಾಗಬಹುದು, ಎರಡರಲ್ಲಿಯೂ ಹಾಳಾಗಬಹುದು, ನಿನ್ನೊಳಗೆ ಹೊಸ ಹುಟ್ಟು ಆಗಿದೆಯೇ ಎಂಬುದೇ ನನ್ನ ಚಿಂತೆ ಎಂಬ ಅರ್ಥದ ಪತ್ರ ಅದು. ರಾಜಕೀಯದಲ್ಲಿ ಕಥೋಲಿಕರ ವಿರುದ್ಧ ಕತ್ತಿ ಹಿರಿದಿದ್ದ ಮುದುಕ, ಮನೆಯ ಮಗುವಿನ ಆತ್ಮದ ವಿಷಯ ಬಂದಾಗ ಸಭೆಯ ಹೆಸರನ್ನು ಪಕ್ಕಕ್ಕಿಟ್ಟು ಅವನ ಒಳಗನ್ನು ಕುರಿತು ಕೇಳಿದ. ಸಾಮ್ಯುಯೆಲ್ ಮುಂದೆ ಕಥೋಲಿಕ ಸಭೆಯಿಂದ ದೂರ ಸರಿದರೂ ಲತೀನ್ ಪೂಜೆಯ ಸಂಗೀತವನ್ನು ಬಿಡಲಿಲ್ಲ. ಅವನು ಹಿಂದಿರುಗಿದ್ದರಿಂದ ಆ ಪತ್ರ ಒಳ್ಳೆಯದಾಗಲಿಲ್ಲ. ಅವನು ಅಲ್ಲೇ ಉಳಿದಿದ್ದರೂ ಅದು ಅಷ್ಟೇ ಒಳ್ಳೆಯ ಪತ್ರ.

ಕಥೋಲಿಕರ ಕಡೆಯಲ್ಲೂ ಕಾಲ ಬದಲಾಗಿದೆ. ಹಾಸನ ಜಿಲ್ಲೆ ಸೇರಿರುವ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದು 1963ರಲ್ಲಿ, ವ್ಯಾಟಿಕನ್ನಿನ ಎರಡನೆಯ ಮಹಾಸಭೆ ನಡೆಯುತ್ತಿದ್ದಾಗಲೇ. ಮರುವರ್ಷ ನವೆಂಬರ್ 21ರಂದು ಆ ಮಹಾಸಭೆ ಕ್ರೈಸ್ತ ಐಕ್ಯದ ಬಗ್ಗೆ ಒಂದು ಆಜ್ಞಾಪತ್ರವನ್ನು ಹೊರಡಿಸಿತು. ಬೇರೆ ಸಭೆಗಳಲ್ಲಿ ಸರಿಯಾಗಿ ದೀಕ್ಷಾಸ್ನಾನ ಪಡೆದವರು ಕ್ರಿಸ್ತನಲ್ಲಿ ಸಹೋದರರೇ ಎಂದು ಅದು ಹೇಳುತ್ತದೆ. ಹಿಂದೆ ಪ್ರಾಟೆಸ್ಟಂಟನೊಬ್ಬ ಕಥೋಲಿಕನಾಗಬೇಕಾದರೆ ತನ್ನ ಹಿಂದಿನ ನಂಬಿಕೆಯನ್ನು ಪಾಷಂಡವೆಂದು ಬಾಯಿಬಿಟ್ಟು ತಳ್ಳಿಹಾಕಬೇಕಾಗಿತ್ತು. ಈಗ ಅದಿಲ್ಲ. ಮತ್ತೆ ದೀಕ್ಷಾಸ್ನಾನವೂ ಇಲ್ಲ. ಮೊದಲಿನದು ಆಗಿದೆಯೋ ಇಲ್ಲವೋ ಎಂಬ ಗಂಭೀರ ಸಂದೇಹ ಇದ್ದಾಗ ಮಾತ್ರ ಷರತ್ತಿನ ಮೇಲೆ ಕೊಡುತ್ತಾರೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲುಥೆರನ್ನರೂ, ಮನುಷ್ಯ ದೇವರ ಎದುರು ನೀತಿವಂತನಾಗುವುದು ಕೃಪೆಯಿಂದ ಎಂಬ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಜಾಗತಿಕ ಮೆಥಡಿಸ್ಟ್ ಪರಿಷತ್ತು ಅದಕ್ಕೆ ಸೇರಿತು. ಸಾವಿರಾರು ಜನರ ತಲೆ ಉರುಳಿಸಿದ ಜಗಳದ ಮೂಲಪ್ರಶ್ನೆಯ ಮೇಲೆ ಈ ಒಪ್ಪಿಗೆ! ನಮ್ಮ ಹಳ್ಳಿಯ ಸಭಾ ಕಮಿಟಿಗಳಲ್ಲಿ ಇದರ ಸುದ್ದಿಯೇ ಇಲ್ಲ. ನಾವಿನ್ನೂ ತಾತಂದಿರ ಜಗಳವನ್ನೇ ಆಡುತ್ತಿದ್ದೇವೆ.

ಹಾಗಾದರೆ ಎದುರಿಗೆ ಬಂದು ನಿಂತ ಹುಡುಗಿಗೆ ಏನು ಹೇಳಬೇಕು? ನನಗೆ ಬಂದ ಒಂದು ಸಂದರ್ಭವನ್ನು ಹೇಳುತ್ತೇನೆ. ನಮ್ಮ ಸಭೆಯ ಪರಿಚಯದವರ ಮಗಳು, ಬೇರೆ ಊರಿನ ಕಥೋಲಿಕ ಆಸ್ಪತ್ರೆಯಲ್ಲಿ ನರ್ಸು. ಹಬ್ಬಕ್ಕೆ ಬಂದವಳು ಮನೆಗೆ ಬಂದು, ಅಡುಗೆಮನೆ ಬಾಗಿಲಿನ ಹತ್ತಿರ ನಿಂತು, "ತಾತ, ನಾನು ಪೂಜೆಗೆ ಹೋಗ್ತಾ ಇದೀನಿ. ಅಪ್ಪಂಗೆ ಹೇಳ್ಬೇಡಿ" ಅಂದಳು. ಕೂತ್ಕೋ ಎಂದೆ. ಏನು ಇಷ್ಟವಾಯಿತು ಎಂದು ಕೇಳಿದೆ. "ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಆರಕ್ಕೆ ಅಲ್ಲಿ ಹೋಗಿ ಕೂರ್ತೀನಿ. ರಾತ್ರಿ ಯಾರಾದ್ರೂ ತೀರ್ಕೊಂಡಿದ್ರೆ ಅವರ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾರೆ. ನಮ್ಮಲ್ಲಿ ಸತ್ತವರಿಗೆ ಹಂಗೆ ಮಾಡಲ್ಲವಲ್ಲ ತಾತ" ಅಂದಳು.

ನೋಡಿ, ಆ ಹುಡುಗಿಯನ್ನು ಎಳೆದದ್ದು ಮದುವೆಯಲ್ಲ, ಹಣವಲ್ಲ, ಯಾರ ಮರುಳುಮಾತೂ ಅಲ್ಲ. ತಾನು ಕೈಯಾರೆ ಮೈ ಒರೆಸಿ ಬಟ್ಟೆ ಹೊದಿಸಿದ ರೋಗಿ ಬೆಳಗಾಗುವಷ್ಟರಲ್ಲಿ ಇಲ್ಲವಾದಾಗ ಅವನಿಗಾಗಿ ಏನಾದರೂ ಮಾಡಬೇಕೆಂಬ ಹಂಬಲ. ಅದನ್ನು ಕೇಳದೆ, "ಅವರು ಮೂರ್ತಿಪೂಜೆ ಮಾಡ್ತಾರೆ, ಅಲ್ಲಿಗೆ ಹೋಗ್ಬೇಡ" ಎಂದಿದ್ದರೆ ನಾನು ಅವಳ ಪ್ರಶ್ನೆಗೆ ಉತ್ತರ ಕೊಟ್ಟಂತೆ ಆಗುತ್ತಿತ್ತೇ? ಆದ್ದರಿಂದ ಮೊದಲ ಕೆಲಸ ಕೇಳುವುದು. ಅಲ್ಲಿ ಏನು ಸಿಕ್ಕಿತು, ಇಲ್ಲಿ ಏನು ಸಿಗಲಿಲ್ಲ, ಎರಡನ್ನೂ ಪೂರ್ತಿ ಕೇಳುವುದು. ಇಲ್ಲಿ ಸಿಗದಿದ್ದದ್ದು ಏನು ಎಂಬ ಉತ್ತರದಲ್ಲಿ ನಮ್ಮ ಸಭೆ ತಿಳಿಯಬೇಕಾದ ಸಂಗತಿ ಇರುತ್ತದೆ.

ಎರಡನೆಯದಾಗಿ, ಆ ಸಭೆಯ ಬಗ್ಗೆ ಸುಳ್ಳು ಹೇಳಬಾರದು. ಕಥೋಲಿಕರು ಮರಿಯಮ್ಮನವರನ್ನು ದೇವರೆಂದು ಪೂಜಿಸುತ್ತಾರೆ ಎಂದು ನಮ್ಮವರು ಹೇಳುತ್ತಾರೆ. ಅದು ಅವರ ಬೋಧನೆಯಲ್ಲ. ಪ್ರಾಟೆಸ್ಟಂಟರಿಗೆ ಸಂಸ್ಕಾರಗಳೇ ಇಲ್ಲ, ಅದು ಬರೀ ಹಾಡು, ಭಾಷಣ ಎಂದು ಅವರಲ್ಲಿ ಕೆಲವರು ಹೇಳುತ್ತಾರೆ. ದಕ್ಷಿಣ ಭಾರತ ಸಭೆಯಲ್ಲಿ ಬಿಷಪರಿದ್ದಾರೆ, ಕರ್ತನ ಭೋಜನವಿದೆ. ಪೆಂತೆಕೋಸ್ತು ಸಭೆಯವರನ್ನು ಕಿರುಚಾಡುವವರು ಎಂದು ಎರಡೂ ಕಡೆಯವರು ತಳ್ಳಿಹಾಕುತ್ತಾರೆ. ಕುಡಿತ ಬಿಟ್ಟು ಮನೆ ಕಟ್ಟಿಕೊಂಡ ಎಷ್ಟು ಕೂಲಿ ಕುಟುಂಬಗಳು ಆ ಕೂಟಗಳಿಂದ ಎದ್ದಿವೆ ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಸಭೆಯ ಒಬ್ಬ ಒಳ್ಳೆಯ ಭಕ್ತ ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ "ಹೌದು, ನಾವು ನಂಬುವುದು ಇದನ್ನೇ" ಎನ್ನಬೇಕು. ಹಾಗೆ ನಾವು ವಿವರಿಸಬೇಕು.

ಹಾಗಂತ ಎಲ್ಲವೂ ಒಂದೇ, ಎಲ್ಲಿ ಹೋದರೂ ಅಷ್ಟೇ ಎಂದು ಬೆನ್ನು ತಟ್ಟಿ ಕಳಿಸುವುದೂ ಪ್ರೀತಿಯಲ್ಲ. ಅದು ಕೇಳಿದವನನ್ನು ಹಗುರಾಗಿ ಕಾಣುವುದು. ವ್ಯತ್ಯಾಸಗಳಿವೆ, ಅವು ಸಣ್ಣವಲ್ಲ. ಪೋಪರ ಅಧಿಕಾರವಿದೆ; 1870ರಲ್ಲಿ ಸಾರಿದ ಅವರ ತಪ್ಪಲಾರದ ಬೋಧನೆಯ ತತ್ವವಿದೆ; ಮರಿಯಮ್ಮನವರ ಬಗ್ಗೆ 1854ರಲ್ಲಿ, 1950ರಲ್ಲಿ ಸಾರಿದ ಸಿದ್ಧಾಂತಗಳಿವೆ. ಕಥೋಲಿಕ ಸಭೆಗೆ ಸೇರುವವರು ಇವನ್ನು ಒಪ್ಪಿ ಸೇರಬೇಕು. ಅತ್ತ ಕಡೆಯಿಂದ ನಮ್ಮಲ್ಲಿಗೆ ಬರುವ ಹೆಣ್ಣುಮಗಳಿಗೆ ನಮ್ಮಲ್ಲಿ ಹೆಂಗಸರು ಬಲಿಪೀಠದ ಬಳಿ ನಿಂತು ಸೇವೆ ಮಾಡುವುದು ದೊಡ್ಡ ಆಕರ್ಷಣೆಯಾಗಬಹುದು. 2013ರಲ್ಲಿ ನಮ್ಮ ಸಭೆ ಮೊದಲ ಮಹಿಳಾ ಬಿಷಪರಾಗಿ ಪುಷ್ಪಲಲಿತಾ ಅವರನ್ನು ನಂದ್ಯಾಲಕ್ಕೆ ನೇಮಿಸಿತು. ಕಥೋಲಿಕರಲ್ಲಿ ಅದು ಇಲ್ಲ. ಇದನ್ನೆಲ್ಲ ಮೊದಲೇ ಹೇಳಬೇಕು.

ಆ ನರ್ಸಮ್ಮನಿಗೆ ನಾನು ಹೇಳಿದ್ದರಲ್ಲಿ ಅವಳ ಮುಖವನ್ನು ಬಾಡಿಸಿದ ಮಾತು ಒಂದೇ. "ಮಗಳೇ, ನಮ್ಮ ಸಭೆಯ ಕರ್ತನ ಭೋಜನಕ್ಕೆ ಬೇರೆ ಸಭೆಯವರನ್ನೂ ಕರೀತೀವಿ. ಅವರಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಅವರ ಸಭೆ ಸೇರಿದ ಮೇಲೆ ನೀನೂ ನಮ್ಮಲ್ಲಿ ತಗೊಳ್ಳಕ್ಕಾಗಲ್ಲ. ಕ್ರಿಸ್ಮಸ್‌ಗೆ ಊರಿಗೆ ಬಂದಾಗ ನಿಮ್ಮಮ್ಮ ಎದ್ದು ಮುಂದಕ್ಕೆ ಹೋಗ್ತಾಳೆ, ನೀನು ಬೆಂಚಲ್ಲೇ ಕೂತಿರ್ತೀಯ. ಅದಕ್ಕೆ ನೀನು ಸಿದ್ಧ ಇರಬೇಕು" ಎಂದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಹೆದರಿಸಲು ಹೇಳಿದ್ದಲ್ಲ, ಸೇರಿದ ಮೇಲೆ ಅವಳೊಬ್ಬಳೇ ಕಂಡುಕೊಂಡು ಅಳುವುದಕ್ಕಿಂತ ಮೊದಲೇ ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕಿತ್ತು. ಆಮೇಲೆ ಇನ್ನು ಕೆಲವು ಮಾತು ಹೇಳಿದೆ: ಕದ್ದು ಹೋಗಬೇಡ, ಅಪ್ಪನಿಗೆ ನೀನೇ ಹೇಳು, ಪ್ರಶ್ನೆಗಳನ್ನು ಅಲ್ಲಿನ ಫಾದರ್ ಹತ್ತಿರವೇ ಹೋಗಿ ಕೇಳು, ಒಂದು ವರ್ಷ ಹಬ್ಬಹರಿದಿನ ಎಲ್ಲ ನೋಡು, ಆಮೇಲೆ ತೀರ್ಮಾನಿಸು. ಅವಳು ಕೊನೆಗೆ ಯಾವ ಸಭೆಯಲ್ಲಿ ನಿಂತಳು ಎಂದು ನಾನು ಇಲ್ಲಿ ಹೇಳುವುದಿಲ್ಲ. ಅದು ಅವಳ ವಿಷಯ.

ಮದುವೆಯ ಮಾತಿಗೆ ಬರೋಣ. ಸಭೆ ಬದಲಾವಣೆ ಹೆಚ್ಚಾಗಿ ನಡೆಯುವುದು ಅಲ್ಲೇ, ಮತ್ತು ಪ್ರಶ್ನೆಯೇ ಏಳದೆ ನಡೆಯುವುದೂ ಅಲ್ಲೇ. ಮನಸ್ಸಾಕ್ಷಿಯಿಂದ ಕೇಳಿದ ಹುಡುಗನಿಗೆ ಕಮಿಟಿ ಕೂರುತ್ತದೆ. ಮದುವೆಯಾಗಿ ಗಂಡನ ಸಭೆಗೆ ಹೋಗುವ ಹೆಣ್ಣಿನ ನಂಬಿಕೆ ಏನಾಯಿತು ಎಂದು ಯಾರೂ ವಿಚಾರಿಸುವುದಿಲ್ಲ. ಸೀರೆ ಒಡವೆಗಳ ಜೊತೆ ಅವಳ ಸಭೆಯನ್ನೂ ಹೊರಿಸಿ ಕಳಿಸಿಬಿಡುತ್ತೇವೆ. ಇದು ನನಗೆ ತೀರ ನೋವಿನ ವಿಷಯ. ಹೀಗೆ ಬದಲಾಯಿಸಲೇಬೇಕೆಂಬ ನಿಯಮವೂ ಇಲ್ಲ. 1983ರ ಕಥೋಲಿಕ ಧರ್ಮನಿಯಮ ಸಂಹಿತೆಯ ಪ್ರಕಾರ, ದೀಕ್ಷಾಸ್ನಾನವಾಗಿರುವ ಬೇರೆ ಸಭೆಯವರನ್ನು ಕಥೋಲಿಕರು ಅನುಮತಿ ಪಡೆದು ಮದುವೆಯಾಗಬಹುದು. ಮಕ್ಕಳನ್ನು ತನ್ನ ನಂಬಿಕೆಯಲ್ಲಿ ಬೆಳೆಸಲು ಕೈಲಾದದ್ದು ಮಾಡುತ್ತೇನೆಂದು ಮಾತು ಕೊಡಬೇಕಾದವರು ಕಥೋಲಿಕ ಕಡೆಯವರು; ಇನ್ನೊಬ್ಬರಿಗೆ ಅದನ್ನು ತಿಳಿಸಿದರೆ ಸಾಕು, ಅವರು ಸಭೆ ಬಿಡಬೇಕಾಗಿಲ್ಲ.

ಪೆಂತೆಕೋಸ್ತು ಸಭೆಗಳ ವಿಷಯದಲ್ಲಿ ತೊಡಕು ದೀಕ್ಷಾಸ್ನಾನದ್ದು. ಮಗುವಿಗೆ ಕೊಟ್ಟದ್ದನ್ನು ಅವರು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಬುದ್ಧಿ ಬಂದು ನಂಬಿದವನು ನೀರಿನಲ್ಲಿ ಮುಳುಗಿ ಏಳಬೇಕು ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆದರೆ ಅವರ ಕಣ್ಣಿನಲ್ಲಿ ಅದು ಎರಡನೆಯ ಸ್ನಾನವಲ್ಲ, ಮೊದಲನೆಯದೇ. ಇದನ್ನು ಅರ್ಥಮಾಡಿಕೊಂಡರೆ, ಅಲ್ಲಿಗೆ ಹೋದವನು ತಾಯಿತಂದೆಯನ್ನು ಅವಮಾನಿಸಿದ ಎಂಬ ಸಿಟ್ಟು ಅರ್ಧ ಇಳಿಯುತ್ತದೆ. ಆ ಕಡೆಯ ಪಾಸ್ಟರುಗಳಿಗೂ ನನ್ನದೊಂದು ಕೋರಿಕೆ: ಬಂದವನ ಹಳೆಯ ಸಭೆಯನ್ನು ಅವನ ಎದುರು ಹಳಿಯಬೇಡಿ. ಅವನಿಗೆ ಯೇಸುವಿನ ಹೆಸರನ್ನು ಮೊದಲು ಹೇಳಿಕೊಟ್ಟವರು ಆ ಸಭೆಯಲ್ಲಿ ಮೊಣಕಾಲೂರಿದ ಅಜ್ಜಿಯೇ.

ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು ಸ್ಮಶಾನ. "ಹೋಗು, ಆದರೆ ನಾಳೆ ನಿಮ್ಮಪ್ಪ ಸತ್ತರೆ ನಮ್ಮ ಸ್ಮಶಾನದಲ್ಲಿ ಜಾಗ ಕೇಳಬೇಡ" ಎಂಬ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಯಾವ ಊರು, ಯಾವ ಸಭೆ ಎಂಬುದು ಬೇಡ. ಸದಸ್ಯತ್ವದ ವರ್ಗಾವಣೆ ಪತ್ರ ಕೇಳಿದವನಿಗೆ ಹಳೆಯ ವಂತಿಗೆ ಬಾಕಿ ಲೆಕ್ಕ ತೆಗೆಯುವುದು, ದೀಕ್ಷಾಸ್ನಾನದ ಸರ್ಟಿಫಿಕೇಟಿಗೆ ತಿಂಗಳುಗಟ್ಟಲೆ ಅಲೆಸುವುದು, ಮಗುವಿನ ಶಾಲಾ ಸೀಟಿಗೆ ಶಿಫಾರಸು ನಿಲ್ಲಿಸುವುದು: ಇವೆಲ್ಲ ಒಂದೇ ಜಾತಿಯ ಪಾಪ. ನಂಬಿಕೆಯ ಪ್ರಶ್ನೆಗೆ ಹೆಣದ ಗುಂಡಿಯನ್ನು ಅಡ್ಡ ತರುವುದು ಹೇಡಿತನ. ಶಾಸನದ ಕಾಲದ ವೈಷ್ಣವರು ಬಸದಿಗೆ ಸುಣ್ಣ ಹೊಡೆಸುವ ಹೊಣೆ ಹೊತ್ತರು; ನಾವು ಆರಡಿ ಮಣ್ಣು ಕೊಡಲಾರೆವೇ?

ನನ್ನ ಸಭೆಯವರಿಗೆ, ಕಥೋಲಿಕ ಬಂಧುಗಳಿಗೆ, ಪೆಂತೆಕೋಸ್ತು ಪಾಸ್ಟರುಗಳಿಗೆ ನನ್ನ ಬೇಡಿಕೆ ಎರಡೇ. ಹಾಸನ ಜಿಲ್ಲೆಯ ಯಾವ ಕ್ರೈಸ್ತ ಸ್ಮಶಾನದಲ್ಲಿಯೂ, ಸಭೆ ಬಿಟ್ಟವನ ಮನೆಯವರಿಗೆ ಜಾಗ ನಿರಾಕರಿಸುವುದಿಲ್ಲ ಎಂದು ನಿಮ್ಮ ಕಮಿಟಿಗಳಲ್ಲಿ ಈ ವರ್ಷವೇ ಠರಾವು ಮಾಡಿ. ಮತ್ತು ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಬರುವ ಕ್ರೈಸ್ತ ಐಕ್ಯ ಪ್ರಾರ್ಥನಾ ವಾರವನ್ನು ಕಾಗದದ ಮೇಲೆ ಬಿಡದೆ, ಒಂದು ಸಂಜೆಯಾದರೂ ನಿಮ್ಮ ಯುವಜನರನ್ನು ಕರೆದುಕೊಂಡು ಇನ್ನೊಂದು ಸಭೆಯ ದೇವಾಲಯಕ್ಕೆ ಹೋಗಿ, ಅಲ್ಲಿಯವರನ್ನು ನಿಮ್ಮಲ್ಲಿಗೆ ಕರೆಯಿರಿ. ಅವರ ಪ್ರಶ್ನೆಗಳನ್ನು ಅವರು ನಿಮ್ಮ ಎದುರಲ್ಲೇ ಕೇಳಲಿ.